ಗೋಕಾಕದ ಡಬ್ಬಿ, ಹುಕ್ಕೇರಿಯ ತಂತಿ

ಗೋಕಾಕದಲ್ಲಿ ಕೊಂಡ ಫ್ಯಾನು ಹುಕ್ಕೇರಿಯಲ್ಲೂ ತಿರುಗುತ್ತದೆ. ಅದರಲ್ಲೇನು ವಿಶೇಷ ಎನ್ನಬೇಡಿ. ಗೋಕಾಕಕ್ಕೂ ಮೂಡಲಗಿಗೂ ಕರೆಂಟು ಕೊಡುವುದು ಹೆಸ್ಕಾಂ. ಹುಕ್ಕೇರಿ ಸೀಮೆಯ ಹಳ್ಳಿಗಳಿಗೆ ಕೊಡುವುದು 1969ರಲ್ಲಿ ಹುಟ್ಟಿದ ಅಲ್ಲಿಯದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಸೀಮೆ ದಾಟಿದರೆ ಕರೆಂಟಿನ ಯಜಮಾನನೇ ಬೇರೆ, ಆದರೂ ಫ್ಯಾನು ಆ ಗೊಡವೆಗೆ ಹೋಗುವುದಿಲ್ಲ. ಮೊಬೈಲ್ ಫೋನೂ ಅಷ್ಟೆ: ಘಟಪ್ರಭಾ ದಾಟಿದರೂ, ಸಂಕೇಶ್ವರದಾಚೆ ಮಹಾರಾಷ್ಟ್ರದ ಗಡಿ ದಾಟಿದರೂ ಅದು ನಡೆಯುತ್ತಲೇ ಇರುತ್ತದೆ.

ಈಗ ಕೇಬಲ್ ಟಿವಿಯ ಡಬ್ಬಿ ನೋಡಿ. ವರ್ಗವಾಗಿಯೋ ಮಕ್ಕಳ ಶಾಲೆಗೆಂದೋ ಗೋಕಾಕದ ಮನೆ ಖಾಲಿ ಮಾಡಿ ಹುಕ್ಕೇರಿಗೋ ಮೂಡಲಗಿಗೋ ಹೋಗುವವರು ಪಾತ್ರೆ-ಪಡಗದ ಜೊತೆ ಸೆಟ್‌ಟಾಪ್ ಬಾಕ್ಸನ್ನೂ ಗಂಟು ಕಟ್ಟುತ್ತಾರೆ. ಹೊಸ ಮನೆಯ ಗೋಡೆಯಿಂದ ಇಳಿಬಿದ್ದಿರುವುದೂ ಅದೇ ದಪ್ಪನೆಯ ಕಪ್ಪು ತಂತಿ, ಅದರ ತುದಿಯಲ್ಲಿರುವುದೂ ಅದೇ ತಿರುಪಿನ ಪಿನ್ನು. ಹಚ್ಚಿದರೆ ದೀಪ ಹತ್ತುತ್ತದೆ, ಕಂಪನಿಯ ಲಾಂಛನವೂ ಮೂಡುತ್ತದೆ. ಆಮೇಲೆ ‘ನೋ ಸಿಗ್ನಲ್’. ಇಲ್ಲವಾದರೆ ಚಾನೆಲ್ಲಿನ ಹೆಸರು ಮಾತ್ರ ಬಂದು, ಚಿತ್ರದ ಜಾಗದಲ್ಲಿ ಕಪ್ಪು ಪರದೆ. ಅದೇ ಸಾಮಾನಿನ ಲಾರಿಯಲ್ಲಿ ಬಂದ ಪಕ್ಕದ ಮನೆಯವರ ಡಿಶ್ ಮಾತ್ರ ಮಾಳಿಗೆ ಏರಿ ಒಂದು ತಾಸಿನಲ್ಲಿ ಧಾರಾವಾಹಿ ಶುರು ಮಾಡಿರುತ್ತದೆ.

ಡಬ್ಬಿಗೆ ಬಾಯಿಲ್ಲ

‘ಆ ಏರಿಯಾದ ಬಾಕ್ಸ್ ಈ ಏರಿಯಾದಾಗ ನಡೆಯೂದಿಲ್ಲ’ ಎನ್ನುತ್ತಾರೆ ಕೇಬಲ್‌ದವರು. ಈ ಉತ್ತರ ಅರ್ಧ ಸರಿ. ಇದನ್ನು ಕೇಳಿದವರು ಡಬ್ಬಿಯೊಳಗೆ ಮೊಬೈಲಿನಲ್ಲಿರುವಂಥ ಜಿಪಿಎಸ್ ಇರಬೇಕು, ಅದು ಊರು ಬದಲಾದದ್ದನ್ನು ಕಂಪನಿಗೆ ಚಾಡಿ ಹೇಳುತ್ತಿರಬೇಕು ಎಂದುಕೊಳ್ಳುತ್ತಾರೆ.

ಹಾಗೇನೂ ಇಲ್ಲ. ನಮ್ಮ ಮನೆಗಳಲ್ಲಿರುವ ಸಾಮಾನ್ಯ ಕೇಬಲ್ ಡಬ್ಬಿಗೆ ಕಿವಿ ಮಾತ್ರ ಇದೆ, ಬಾಯಿಲ್ಲ. ತಂತಿಯಲ್ಲಿ ಬಂದದ್ದನ್ನು ಅದು ಕೇಳಿಸಿಕೊಳ್ಳುತ್ತದೆ, ತಿರುಗಿ ಒಂದಕ್ಷರವನ್ನೂ ಕಳಿಸುವುದಿಲ್ಲ. ಡಬ್ಬಿ ನಡುಮನೆಯಲ್ಲಿದೆಯೋ ಹಿತ್ತಲಲ್ಲಿದೆಯೋ, ಹಚ್ಚಿದೆಯೋ ಆರಿದೆಯೋ ಎಂಬುದೂ ಕಂಪನಿಗೆ ತಿಳಿಯದು. ಅದನ್ನು ಅದೇ ಓಣಿಯ, ಅದೇ ಲೈನಿನ ಬೇರೆ ಮನೆಗೆ ಒಯ್ದು ಹಚ್ಚಿದರೆ ಎಂದಿನಂತೆ ನಡೆಯುತ್ತದೆ. ಡಬ್ಬಿಗೆ ತಾನೆಲ್ಲಿದ್ದೇನೆಂದು ಗೊತ್ತಿಲ್ಲ, ಕಚೇರಿಗೂ ಗೊತ್ತಿಲ್ಲ. ಹಾಗಾದರೆ ಹುಕ್ಕೇರಿಯಲ್ಲಿ ‘ಇಲ್ಲ’ ಎನ್ನುತ್ತಿರುವುದು ಯಾರು?

ಉತ್ತರದ ಎಳೆ ನಮಗೆಲ್ಲ ಬಾಯಿಪಾಠವಾಗಿರುವ ಇನ್ನೊಂದು ಮಾತಿನಲ್ಲಿದೆ. ರೀಚಾರ್ಜ್ ಮಾಡಿಸಿ ಚಾನೆಲ್ ಬರಲಿಲ್ಲವೆಂದು ಫೋನ್ ಮಾಡಿದಾಗ ಆ ಕಡೆಯಿಂದ ಬರುವ ಮಾತು: ‘ಮ್ಯಾಲಿಂದ ಸಿಗ್ನಲ್ ಬಿಟ್ಟೀವಿ, ಹತ್ತ್ ನಿಮಿಷ ಬಾಕ್ಸ್ ಬಂದ್ ಮಾಡಬ್ಯಾಡ್ರಿ.’ ಯಾಕೆ ಬಂದ್ ಮಾಡಬಾರದು? ಹತ್ತು ನಿಮಿಷ ಅದು ಏನನ್ನು ಕಾಯುತ್ತಿರುತ್ತದೆ?

ತಂತಿಗೆ ಲೆಕ್ಕವಿರದ ಕಾಲ

ತೊಂಬತ್ತರ ದಶಕದಲ್ಲಿ ಡಬ್ಬಿಯೇ ಇರಲಿಲ್ಲ. ಆಪರೇಟರ್ ಮಾಳಿಗೆಯ ಮೇಲೆ ದೊಡ್ಡ ಬುಟ್ಟಿಗಳನ್ನಿಟ್ಟು, ಉಪಗ್ರಹದಿಂದ ಬಂದದ್ದನ್ನು ತಂತಿಗೆ ಹರಿಸುತ್ತಿದ್ದ. ತಂತಿ ನೇರ ಟಿವಿಯ ಬೆನ್ನಿಗೆ. ಯಾವ ಊರಿನ ಟಿವಿಯನ್ನು ಯಾವ ಊರಿನ ತಂತಿಗೆ ಸಿಕ್ಕಿಸಿದರೂ ಚಿತ್ರ ಬರುತ್ತಿತ್ತು. ತಂತಿಯನ್ನು ನಡುವೆ ಸೀಳಿ ಎಳೆದುಕೊಂಡವರಿಗೂ ಬರುತ್ತಿತ್ತು. 1995ರ ಕೇಬಲ್ ಟೆಲಿವಿಷನ್ ಜಾಲಗಳ ಕಾಯ್ದೆ ಬಂದಾಗ ಆಪರೇಟರುಗಳು ನೋಂದಣಿಗೆ ಹೋಗಬೇಕಾದದ್ದು ಎಲ್ಲಿಗೆ ಗೊತ್ತೆ? ತಮ್ಮ ಪ್ರದೇಶದ ಪ್ರಧಾನ ಅಂಚೆ ಕಚೇರಿಗೆ. ನೋಂದಣಿಯೇನೋ ಆಯಿತು, ಒಂದು ತಂತಿಗೆ ಎಷ್ಟು ಮನೆ ಎಂಬುದು ಮಾತ್ರ ಆಪರೇಟರ್ ಬಾಯಲ್ಲಿ ಹೇಳಿದಷ್ಟೇ. ಚಾನೆಲ್ ಕಂಪನಿಗಳು ಅದನ್ನು ನಂಬಲಿಲ್ಲ. ನಂಬಬೇಕಾದ ಕಾರಣವೂ ಹೆಚ್ಚಿರಲಿಲ್ಲ.

2011ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಪ್ರತಿ ಮನೆಗೂ ನಂಬರಿನ ಡಬ್ಬಿ ಇರಬೇಕೆಂಬ ಏರ್ಪಾಡು ನಾಲ್ಕು ಹಂತಗಳಲ್ಲಿ ಬಂತು. 2012ರ ಅಕ್ಟೋಬರಿನಿಂದ ಮಹಾನಗರಗಳಲ್ಲಿ ಇದು ಶುರುವಾಯಿತು. ಬೆಂಗಳೂರು, ಮೈಸೂರಿಗೆ 2013ರ ಮಾರ್ಚ್ 31 ಗಡುವು. ಉಳಿದ ಪಟ್ಟಣಗಳದು ಮೂರನೇ ಹಂತ, ಹಳ್ಳಿಗಳದು ನಾಲ್ಕನೆಯದು. ಇವೆರಡೂ ನ್ಯಾಯಾಲಯದ ತಡೆ, ಡಬ್ಬಿಗಳ ಕೊರತೆ ಎಂದು ಎಳೆದಾಡಿ 2017ಕ್ಕೆ ದಡ ಹತ್ತಿದವು. ನಮ್ಮ ಮನೆಗಳ ಕಪ್ಪು ಡಬ್ಬಿಗಳು ಹೆಚ್ಚಾಗಿ ಆ ಕಾಲದ ಕೂಸುಗಳು.

ಮೊದಲ ತಡೆ: ಎಲ್ಲಿ ಕಿವಿಗೊಡಬೇಕು?

ತಂತಿಯೊಳಗೆ ಚಾನೆಲ್ಲುಗಳು ಒಂದರ ಪಕ್ಕ ಒಂದು ಓಡುವುದಿಲ್ಲ, ಮೂಟೆ ಮೂಟೆಯಾಗಿ ಬರುತ್ತವೆ. ತಂತಿಯ ಕಂಪನಾಂಕಗಳನ್ನು ಸುಮಾರು 8 ಮೆಗಾಹರ್ಟ್ಸ್ ಅಗಲದ ಪಟ್ಟೆಗಳಾಗಿ ಹಂಚಿರುತ್ತಾರೆ. ಡಿಜಿಟಲ್ ಕೇಬಲ್ಲಿನಲ್ಲಿ ಇಂಥ ಒಂದೊಂದು ಪಟ್ಟೆಯೂ ಸೆಕೆಂಡಿಗೆ ಸುಮಾರು 38 ದಶಲಕ್ಷ ಬಿಟ್‌ಗಳನ್ನು ಹೊರಬಲ್ಲದು. ಹಿಂದೆ ಒಂದೇ ಚಾನೆಲ್ ಹಿಡಿಯುತ್ತಿದ್ದ ಜಾಗದಲ್ಲಿ ಈಗ ಹತ್ತು ಹದಿನೈದು ಕೂರುತ್ತವೆ.

ಯಾವ ಪಟ್ಟೆಯಲ್ಲಿ ಯಾವ ಮೂಟೆ ಎಂಬುದು ಆಯಾ ಜಾಲದವರ ಇಷ್ಟ. ಅದಕ್ಕಾಗಿ ಅವರು ಒಂದು ಪಟ್ಟೆಯಲ್ಲಿ ‘ಜಾಲಪಟ್ಟಿ’ಯನ್ನು ಸದಾ ಬಿತ್ತುತ್ತಿರುತ್ತಾರೆ. ತಂತ್ರಜ್ಞರು ಇದನ್ನು ನೆಟ್‌ವರ್ಕ್ ಇನ್ಫರ್ಮೇಷನ್ ಟೇಬಲ್ ಎನ್ನುತ್ತಾರೆ. ಹಚ್ಚಿದ ಕೂಡಲೇ ಡಬ್ಬಿ ತನ್ನ ನೆನಪಿನಲ್ಲಿರುವ ಪಟ್ಟೆಗೆ ಹೋಗಿ ಈ ಪಟ್ಟಿಯನ್ನು ಓದುತ್ತದೆ. ಗೋಕಾಕದ ಜಾಲಕ್ಕೆ ಹೊಂದಿಸಿದ ಡಬ್ಬಿ ಬೇರೆ ಜಾಲದ ತಂತಿಯಲ್ಲಿ ಅದೇ ಪಟ್ಟೆಗೆ ಹೋದರೆ ಅಲ್ಲಿ ಬೇರೇನೋ ಇರುತ್ತದೆ, ಅಥವಾ ಏನೂ ಇರುವುದಿಲ್ಲ. ಅದೇ ‘ನೋ ಸಿಗ್ನಲ್’. ಇದು ಸಣ್ಣ ತಡೆ. ಮೆನುವಿನಲ್ಲಿ ಕಂಪನಾಂಕ ಬದಲಿಸಲು ಅವಕಾಶವಿರುವ ಡಬ್ಬಿಯಾದರೆ ಚಾನೆಲ್ಲುಗಳ ಹೆಸರುಗಳೇನೋ ಸಾಲಾಗಿ ಬಂದಾವು. ಚಿತ್ರ ಬರುವುದಿಲ್ಲ.

ಎರಡನೆಯದು: ಗಳಿಗೆಗೊಂದು ಕೀಲಿ

ನಿಜವಾದ ಕಥೆ ಇಲ್ಲಿಂದ. ಹಣ ಕೊಟ್ಟು ನೋಡುವ ಚಾನೆಲ್ಲುಗಳ ಚಿತ್ರವನ್ನೂ ದನಿಯನ್ನೂ ಜಾಲದ ಮುಖ್ಯ ಕೇಂದ್ರ, ಅವರ ಮಾತಿನಲ್ಲಿ ಹೆಡ್‌ಎಂಡ್, ಕಲಸಿ ಕಳಿಸುತ್ತದೆ. ಕಲಸುವುದು ಮನಬಂದಂತೆ ಅಲ್ಲ, ಒಂದು ಗುಟ್ಟಿನ ಸಂಖ್ಯೆಯ ಪ್ರಕಾರ. ಕಂಟ್ರೋಲ್ ವರ್ಡ್ ಎನ್ನುವ ಈ ಸಂಖ್ಯೆಯನ್ನು ನಾವು ಗಳಿಗೆಕೀಲಿ ಎನ್ನೋಣ, ಯಾಕೆಂದರೆ ಅದು ಸುಮಾರು ಹತ್ತು ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಒಬ್ಬ ಕಳ್ಳ ಹೇಗೋ ಒಂದು ಕೀಲಿ ಕಂಡುಹಿಡಿದನೆನ್ನಿ, ಅವನಿಗೆ ದಕ್ಕುವುದು ಹತ್ತು ಸೆಕೆಂಡಿನ ಚಿತ್ರ.

ಆದರೆ ಹಣ ಕೊಟ್ಟವರ ಡಬ್ಬಿಗೂ ಈ ಕೀಲಿ ಬೇಕಲ್ಲ? ಅದನ್ನೂ ಅದೇ ತಂತಿಯಲ್ಲೇ ಕಳಿಸುತ್ತಾರೆ. ಬರಿಗೈಯಲ್ಲಿ ಕಳಿಸಿದರೆ ಎಲ್ಲರೂ ಓದಿಯಾರು ಎಂದು ಅದನ್ನು ಇನ್ನೊಂದು ಕೀಲಿಯಿಂದ ಮುಚ್ಚುತ್ತಾರೆ. ಈ ಎರಡನೆಯದು ಹೆಚ್ಚು ಕಾಲ ಬಾಳುವ ಕೀಲಿ. ನಿಮ್ಮ ಚಂದಾ ನಡೆಯುತ್ತಿರುವವರೆಗೆ ನಿಮಗೆ ಸಿಗುವಂಥದ್ದು, ಆದ್ದರಿಂದ ಚಂದಾಕೀಲಿ. ಇದು ಡಬ್ಬಿಗೆ ತಲುಪುವುದು ಹೇಗೆ? ಅದಕ್ಕೊಂದು ಪ್ರತ್ಯೇಕ ಚೀಟಿ. ಈ ‘ಹಕ್ಕುಚೀಟಿ’ಯ ಮೇಲೆ ನಿಮ್ಮ ಡಬ್ಬಿಯ ಅಥವಾ ಅದರಲ್ಲಿ ತೂರಿಸಿದ ಕಾರ್ಡಿನ ನಂಬರು ಇರುತ್ತದೆ. ಒಳಗಿನ ಒಕ್ಕಣೆಯನ್ನು ಮೂರನೆಯ ಕೀಲಿಯಿಂದ ಮುಚ್ಚಿರುತ್ತಾರೆ. ಆ ಮೂರನೆಯದು ಕಾರ್ಖಾನೆಯಲ್ಲೇ ಚಿಪ್ಪಿನೊಳಗೆ ಸುಟ್ಟು ಕೂರಿಸಿದ್ದು. ಅದು ಹುಟ್ಟುಕೀಲಿ, ಒಂದೊಂದು ಚಿಪ್ಪಿಗೂ ಬೇರೆ, ತೆಗೆಯಲು ಬಾರದು.

ಡಬ್ಬಿಯೊಳಗೆ ನಡೆಯುವುದು ಇದರ ತಿರುಗುಮುರುಗು. ಹುಟ್ಟುಕೀಲಿಯಿಂದ ಹಕ್ಕುಚೀಟಿ ತೆರೆದು ಚಂದಾಕೀಲಿ ಪಡೆಯುವುದು, ಚಂದಾಕೀಲಿಯಿಂದ ಗಳಿಗೆಕೀಲಿ ತೆರೆಯುವುದು, ಗಳಿಗೆಕೀಲಿಯಿಂದ ಕಲಸಿದ ಚಿತ್ರವನ್ನು ಬಿಡಿಸುವುದು. ಕೊನೆಯ ಎರಡನ್ನು ಅದು ನೀವು ಧಾರಾವಾಹಿ ನೋಡುತ್ತಿರುವಷ್ಟು ಹೊತ್ತೂ ಮಾಡುತ್ತಲೇ ಇರುತ್ತದೆ.

ಡಂಗುರ

ಈಗ ಆ ಹತ್ತು ನಿಮಿಷದ ಗುಟ್ಟಿಗೆ ಬರೋಣ. ಡಬ್ಬಿಗೆ ಬಾಯಿಲ್ಲವಾದ್ದರಿಂದ ಅದು ‘ನನ್ನ ಚೀಟಿ ಕೊಡಿ’ ಎಂದು ಕೇಳಲಾರದು, ‘ಸಿಕ್ಕಿತು’ ಎಂದು ಹೇಳಲೂ ಆರದು. ಹೆಡ್‌ಎಂಡಿಗೆ ಉಳಿದಿರುವುದು ಹಳ್ಳಿಯ ಡಂಗುರದ ದಾರಿಯೊಂದೇ. ಹಲಗಿ ಬಡಿಯುತ್ತ ಓಣಿ ಓಣಿ ಸುತ್ತುವವನ ಮಾತು ಎಲ್ಲರ ಕಿವಿಗೂ ಬೀಳುತ್ತದೆ, ಹೆಸರು ಕರೆಸಿಕೊಂಡವನು ಮಾತ್ರ ಚಾವಡಿಗೆ ಹೋಗುತ್ತಾನೆ. ಹೆಸರಿನವನು ಹೊಲಕ್ಕೆ ಹೋಗಿದ್ದರೆ? ಸಾರುವವನಿಗೆ ಅದು ತಿಳಿಯದು, ಅದಕ್ಕೇ ಸಂಜೆ ಮತ್ತೊಮ್ಮೆ, ನಾಳೆ ಇನ್ನೊಮ್ಮೆ ಸಾರುತ್ತಾನೆ.

ಹೆಡ್‌ಎಂಡ್ ಮಾಡುವುದೂ ಇದನ್ನೇ. ಸಾವಿರಾರು, ಕೆಲವೆಡೆ ಲಕ್ಷಾಂತರ ನಂಬರುಗಳ ಹಕ್ಕುಚೀಟಿಗಳನ್ನು ಸರದಿಯಲ್ಲಿ, ಸುತ್ತಿ ಸುತ್ತಿ ತಂತಿಗೆ ಬಿಡುತ್ತಲೇ ಇರುತ್ತದೆ. ಹೊಸದಾಗಿ ರೀಚಾರ್ಜ್ ಆದ ನಂಬರನ್ನು ಮೊದಮೊದಲು ಬೇಗ ಬೇಗ ಕರೆಯುತ್ತದೆ, ಆಮೇಲೆ ಅದು ಉದ್ದನೆಯ ಸರದಿಗೆ ಸೇರುತ್ತದೆ. ಆ ಹೊತ್ತಿಗೆ ಡಬ್ಬಿ ಬಂದ್ ಆಗಿದ್ದರೆ ಚೀಟಿ ತಪ್ಪಿಹೋಯಿತು, ಮುಂದಿನ ಸುತ್ತಿನವರೆಗೆ ಕಾಯಬೇಕು. ಎರಡು ತಿಂಗಳು ಊರಲ್ಲಿಲ್ಲದೆ ಬಂದು ಟಿವಿ ಹಚ್ಚಿದಾಗ, ಹಣ ಕಟ್ಟಿದ್ದರೂ ಚಾನೆಲ್ ತಡವಾಗಿ ಬರುವುದು ಇದಕ್ಕೇ.

ಗೋಕಾಕದ ಡಂಗುರ ಮೂಡಲಗಿಗೆ ಕೇಳಿಸುವುದಿಲ್ಲ. ಇನ್ನೊಂದು ಕಂಪನಿಯ ತಂತಿಯಲ್ಲಿ ನಿಮ್ಮ ಡಬ್ಬಿಯ ನಂಬರನ್ನು ಯಾರೂ ಕೂಗುತ್ತಿಲ್ಲ. ಅಕಸ್ಮಾತ್ ಕೂಗಬೇಕೆಂದರೂ ಆ ಕಂಪನಿಯ ಬಳಿ ನಿಮ್ಮ ಚಿಪ್ಪಿನ ಹುಟ್ಟುಕೀಲಿ ಇಲ್ಲ, ಚೀಟಿ ಬರೆಯುವ ಲಿಪಿಯೂ ಬೇರೆ. ಕೊನಾಕ್ಸ್, ಐರ್ಡೆಟೊ, ನಾಗ್ರ ಎಂದೆಲ್ಲ ಈ ಬೀಗದ ಏರ್ಪಾಡುಗಳು ಬೇರೆ ಬೇರೆ, ಒಂದರದು ಇನ್ನೊಂದಕ್ಕೆ ಅರ್ಥವಾಗದು. ಹುಕ್ಕೇರಿಯಲ್ಲಿ ಡಬ್ಬಿಗೆ ‘ಇಲ್ಲ’ ಎಂದು ಯಾರೂ ಹೇಳಲಿಲ್ಲ. ಅದನ್ನು ಕರೆಯುವವರು ಅಲ್ಲಿ ಇರಲಿಲ್ಲ, ಅಷ್ಟೆ.

ನಡೆದರೂ ನಡೆದೀತು

ಇದರಿಂದ ಹೊರಡುವ ಒಂದು ಮಾತನ್ನು ಕೇಬಲ್‌ದವರು ತಾವಾಗಿ ಹೇಳುವುದು ಅಪರೂಪ. ಎರಡೂ ಊರಿಗೆ ಸಂಕೇತ ಕೊಡುವುದು ಒಂದೇ ಕಂಪನಿಯ ಒಂದೇ ಹೆಡ್‌ಎಂಡ್ ಆಗಿದ್ದರೆ, ಗೋಕಾಕದ ಡಬ್ಬಿ ಹುಕ್ಕೇರಿಯಲ್ಲಿ ಹಚ್ಚಿದ ಕೂಡಲೇ ನಡೆಯುವ ಸಂಭವವೇ ಹೆಚ್ಚು.

ಹಿಂದೆ ಇದು ಸಾಧ್ಯವಿರಲಿಲ್ಲ. ಮನೆಗೆ ಬರುವ ತಾಮ್ರದ ಕೇಬಲ್ಲಿನಲ್ಲಿ ನೂರು ಮೀಟರ್ ಹೋಗುವಷ್ಟರಲ್ಲಿ ಮೇಲಿನ ಕಂಪನಾಂಕದ ಸಂಕೇತ ಕೆಲವೇ ಶೇಕಡಾಕ್ಕೆ ಇಳಿದಿರುತ್ತದೆ, ನಡುನಡುವೆ ಆಂಪ್ಲಿಫೈಯರ್ ಬೇಕೇ ಬೇಕು. ಹಾಗಾಗಿ ಊರಿಗೊಂದು ಕೇಂದ್ರ ಇತ್ತು. ಗಾಜಿನ ಎಳೆ, ಅಂದರೆ ಫೈಬರ್ ಬಂದಮೇಲೆ ಲೆಕ್ಕ ಬದಲಾಯಿತು. ಅದರಲ್ಲಿ ಬೆಳಕು ಅರ್ಧಕ್ಕೆ ಇಳಿಯಲು ಸುಮಾರು 15 ಕಿಲೋಮೀಟರ್ ಬೇಕು. ಗೋಕಾಕದಿಂದ ಮೂಡಲಗಿಗೂ ಹುಕ್ಕೇರಿಗೂ ನೇರ ಗೆರೆ ಎಳೆದರೆ 25 ಕಿಲೋಮೀಟರ್ ಆಸುಪಾಸು. ಫೈಬರಿಗೆ ಅದೊಂದು ದೂರವೇ ಅಲ್ಲ. ಹಿಟ್ಸ್ ಎಂಬ ಇನ್ನೊಂದು ಬಗೆಯಲ್ಲಂತೂ ಹೆಡ್‌ಎಂಡ್ ಎಲ್ಲೋ ಇದ್ದು, ಬೀಗ ಹಾಕಿದ ಮೂಟೆಗಳನ್ನು ಉಪಗ್ರಹದ ಮೂಲಕವೇ ಸಣ್ಣ ಊರುಗಳ ಆಪರೇಟರುಗಳಿಗೆ ಇಳಿಸುತ್ತದೆ. ಅಲ್ಲಿ ಡಂಗುರ ಇಡೀ ದೇಶಕ್ಕೆ.

ಆದರೂ ಹೊಸ ಊರಿನ ಆಪರೇಟರ್ ‘ಇದು ನಮ್ಮ ಬಾಕ್ಸ್ ಅಲ್ಲ’ ಎಂದು ತಂತಿ ಬಿಚ್ಚುವುದುಂಟು. ಇಲ್ಲಿ ವಿಜ್ಞಾನ ಮುಗಿದು ಖಾತೆಕಿರ್ದಿ ಶುರುವಾಗುತ್ತದೆ. 2019ರ ಫೆಬ್ರವರಿಯಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ಜಾಲದ ಶುಲ್ಕಕ್ಕೆ ತೆರಿಗೆ ಬಿಟ್ಟು 130 ರೂಪಾಯಿಯ ಮಿತಿ ಇತ್ತು. ಕಂಪನಿ ಮತ್ತು ಸ್ಥಳೀಯ ಆಪರೇಟರ್ ಬೇರೆ ಒಪ್ಪಂದಕ್ಕೆ ಬಾರದಿದ್ದರೆ ಆ ಹಣವನ್ನು 55ಕ್ಕೆ 45ರಂತೆ ಹಂಚಿಕೊಳ್ಳಬೇಕೆಂಬುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಹಾಕಿಕೊಟ್ಟ ಮಾದರಿ. ಪ್ರತಿ ಡಬ್ಬಿಯ ನಂಬರೂ ಒಬ್ಬ ಆಪರೇಟರನ ಖಾತೆಯಲ್ಲಿರುತ್ತದೆ. ನಿಮ್ಮ ಡಬ್ಬಿ ಗೋಕಾಕದವನ ಖಾತೆಯಲ್ಲಿದ್ದು ಹುಕ್ಕೇರಿಯವನ ತಂತಿಯಲ್ಲಿ ನಡೆದರೆ, ಕಂಬ ಹತ್ತಿ ದುರಸ್ತಿ ಮಾಡುವವನು ಒಬ್ಬ, 45 ಪಾಲು ಎಣಿಸಿಕೊಳ್ಳುವವನು ಇನ್ನೊಬ್ಬ. ಕಂಬ ಹತ್ತುವವನು ಸಿಟ್ಟಾಗುವುದು ಸಹಜವೇ. ಕೆಲವು ಜಾಲಗಳು ಇದನ್ನು ತಡೆಯಲೆಂದೇ ಡಬ್ಬಿಗಳಿಗೆ ಹಕ್ಕುಚೀಟಿಯ ಮೂಲಕ ಪ್ರದೇಶದ ಗುರುತನ್ನೂ ಕಳಿಸುತ್ತವೆ. ಅಲ್ಲಿ ಖಾತೆ ಬದಲಾಗದೆ ಚಿತ್ರ ಬರುವುದಿಲ್ಲ.

ಪರದೆಯ ಮೇಲೆ ತೇಲುವ ನಂಬರು

ಕ್ರಿಕೆಟ್ ನೋಡುವಾಗ ಪರದೆಯ ಒಂದು ಮೂಲೆಯಲ್ಲಿ ಉದ್ದನೆಯ ಸಂಖ್ಯೆಯೊಂದು ಮೂಡಿ ಮಾಯವಾಗುವುದನ್ನು ನೋಡಿರುತ್ತೀರಿ. ಟಿವಿ ಕೆಟ್ಟಿತೆಂದು ಗಾಬರಿಯಾದವರೂ ಇದ್ದಾರೆ. ಅದು ನಿಮ್ಮ ಡಬ್ಬಿಯದೇ ನಂಬರು. ಡಬ್ಬಿ ಎಲ್ಲಿದೆಯೆಂದು ಕಂಪನಿಗೆ ತಿಳಿಯದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಮನೆಯಿಂದ ಮನೆಗೆ ಒಯ್ಯುವುದು ಕಂಪನಿಗಳ ದೊಡ್ಡ ತಲೆನೋವಲ್ಲ. ಒಂದು ಡಬ್ಬಿಯಿಂದ ಹೊರಬಿದ್ದ ಬೀಗ ತೆಗೆದ ಚಿತ್ರವನ್ನು ಮತ್ತೆ ತಂತಿಗೆ ಏರಿಸಿ ಊರಿಗೆಲ್ಲ ಹಂಚುವವರದ್ದು ದೊಡ್ಡ ತಲೆನೋವು. ಹಾಗೆ ಹಂಚಿದಾಗ ತೇಲುವ ನಂಬರೂ ಚಿತ್ರದ ಜೊತೆಗೇ ಮನೆ ಮನೆಗೆ ಹೋಗುತ್ತದೆ. ಚಾನೆಲ್ಲಿನವರು ಯಾವುದೋ ಚಹಾದಂಗಡಿಯ ಟಿವಿಯ ಫೋಟೊ ತೆಗೆದು ಆ ನಂಬರನ್ನು ಕಂಪನಿಗೆ ಕಳಿಸಿದರೆ, ಅದು ಯಾರ ಖಾತೆಯದೆಂದು ಸಿಗುತ್ತದೆ. ಆ ನಂಬರಿನ ಚೀಟಿ ನಿಲ್ಲಿಸಿದರಾಯಿತು, ಊರಿನ ಅಷ್ಟೂ ಪರದೆಗಳು ಒಟ್ಟಿಗೆ ಕಪ್ಪಾಗುತ್ತವೆ.

ಡಿಶ್ ಯಾಕೆ ನಡೆಯಿತು

ಡಿಶ್ಶಿನ, ಅಂದರೆ ಡಿಟಿಎಚ್‌ನ, ಡಬ್ಬಿಯೊಳಗಿನ ಕೀಲಿಗಳ ಏರ್ಪಾಡು ಹೆಚ್ಚುಕಡಿಮೆ ಇದೇ. ಡಂಗುರ ಸಾರುವ ಎತ್ತರ ಮಾತ್ರ ಬೇರೆ, ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್. ಅಲ್ಲಿಂದ ಇಡೀ ಭಾರತವೇ ಒಂದು ಓಣಿ. ನಮ್ಮ ಸೀಮೆ 75 ಡಿಗ್ರಿ ರೇಖಾಂಶದ ಹತ್ತಿರವಿದೆ. ಡಿಡಿ ಫ್ರೀ ಡಿಶ್ ಬರುವ ಜಿಸ್ಯಾಟ್-15 ಇರುವುದು 93.5 ಡಿಗ್ರಿಯಲ್ಲಿ. ಹಾಗಾಗಿ ಗೋಕಾಕದ ಮಾಳಿಗೆಯ ಬುಟ್ಟಿ ಆಗ್ನೇಯಕ್ಕೆ ಮುಖ ಮಾಡಿ ಅರವತ್ತು ಡಿಗ್ರಿ ಆಸುಪಾಸು ತಲೆಯೆತ್ತಿ ಕೂತಿರುತ್ತದೆ. 25 ಕಿಲೋಮೀಟರ್ ಸರಿದರೆ ಈ ಕೋನ ಬದಲಾಗುವುದು ಅರ್ಧ ಡಿಗ್ರಿಗೂ ಕಡಿಮೆ. ಮನೆಬಳಕೆಯ ಬುಟ್ಟಿ ಎರಡೂವರೆ ಡಿಗ್ರಿಯಷ್ಟು ಅಗಲವನ್ನು ಒಟ್ಟಿಗೆ ನೋಡುತ್ತದೆ. ಅಂದಮೇಲೆ ಹುಕ್ಕೇರಿಯಲ್ಲೂ ಅದೇ ದಿಕ್ಕು, ಅದೇ ಎತ್ತರ. 2004ರ ಡಿಸೆಂಬರಿನಲ್ಲಿ ಶುರುವಾದ ಫ್ರೀ ಡಿಶ್‌ಗೆ ತಿಂಗಳ ಚಂದಾ ಇಲ್ಲ, ಹಾಗಾಗಿ ಹಕ್ಕುಚೀಟಿಯ ಕಾಟವೂ ಇಲ್ಲ.

ಫ್ಯಾನಿನಂತೆ ಯಾಕಾಗಬಾರದು

ಹೆಸ್ಕಾಂ ಆಗಲಿ ಹುಕ್ಕೇರಿಯ ಸಂಘವಾಗಲಿ ಕೊಡುವುದು 230 ವೋಲ್ಟಿನ, ಸೆಕೆಂಡಿಗೆ 50 ಸಲ ದಿಕ್ಕು ಬದಲಿಸಿ ಮರಳುವ ಕರೆಂಟು. ಲೆಕ್ಕ ಇಡುವ ಮೀಟರ್ ಬೇರೆ, ತಿರುಗುವ ಫ್ಯಾನು ಬೇರೆ. ಟಿವಿ ಡಬ್ಬಿಯಲ್ಲಿ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಬೆಸೆದುಬಿಟ್ಟಿದ್ದಾರೆ. ಬೇರ್ಪಡಿಸಬಹುದು: ಚಿತ್ರ ಬಿಡಿಸುವ ಡಬ್ಬಿ ಎಲ್ಲರಿಗೂ ಒಂದೇ ಇರಲಿ, ಕಂಪನಿಯ ಕೀಲಿ ಮಾತ್ರ ಪೆನ್‌ಡ್ರೈವಿನಷ್ಟು ಪುಟ್ಟ ತುಂಡಿನಲ್ಲಿ ಇರಲಿ. ಕಂಪನಿ ಬದಲಾದರೆ ತುಂಡು ಬದಲಿಸಿದರಾಯಿತು. ಟ್ರಾಯ್ 2020ರ ಏಪ್ರಿಲ್ 11ರಂದು ಸರ್ಕಾರಕ್ಕೆ ಶಿಫಾರಸು ಮಾಡಿದ್ದು ಸುಮಾರಾಗಿ ಇದನ್ನೇ. ಅದು ಇನ್ನೂ ನಮ್ಮ ಮನೆಗಳವರೆಗೆ ಬಂದಿಲ್ಲ. ಕಳ್ಳತನದ ಭಯ, ತುಂಡಿನ ಖರ್ಚು ಎಂದು ಕಂಪನಿಗಳು ಹೇಳುವ ಕಾರಣಗಳಲ್ಲಿ ಸ್ವಲ್ಪ ಹುರುಳಿದೆ. ಡಬ್ಬಿ ಬದಲಿಸುವ ರಗಳೆಗೆ ಬೇಸತ್ತ ಗ್ರಾಹಕ ಕಂಪನಿ ಬದಲಿಸಲು ಹೋಗುವುದಿಲ್ಲ ಎಂಬ ಲಾಭವನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಮಟ್ಟಿಗೆ ದೊಡ್ಡ ಕಾರಣ ಅದೇ.

ಅಲ್ಲಿಯವರೆಗೆ, ಮನೆ ಬದಲಿಸುವ ಮುನ್ನ ಡಬ್ಬಿಯ ತಳದಲ್ಲಿರುವ ನಂಬರನ್ನು ಬರೆದಿಟ್ಟುಕೊಳ್ಳಿ. ಹೊಸ ಊರಿನ ಆಪರೇಟರನಿಗೆ ‘ನನ್ನ ಬಾಕ್ಸ್ ನಡೆಯುತ್ತದೆಯೇ’ ಎಂದು ಕೇಳಬೇಡಿ, ‘ನಿಮಗೆ ಸಿಗ್ನಲ್ ಯಾವ ಕಂಪನಿಯದು’ ಎಂದು ಕೇಳಿ. ಕಂಪನಿ ಒಂದೇ ಆಗಿದ್ದರೆ ಹೊಸ ಡಬ್ಬಿಗೆ ದುಡ್ಡು ಸುರಿಯುವ ಮುಂಚೆ ಆ ನಂಬರನ್ನು ಹೊಸ ಆಪರೇಟರನ ಖಾತೆಗೆ ವರ್ಗಾಯಿಸಲು ಕಂಪನಿಗೇ ಬರೆಯಿರಿ. ಬೇರೆಯಾಗಿದ್ದು ಡಬ್ಬಿ ಬಾಡಿಗೆಯದಾಗಿದ್ದರೆ ಅದನ್ನು ಗಂಟು ಕಟ್ಟಬೇಡಿ. ಗೋಕಾಕದಲ್ಲೇ ಮರಳಿಸಿ, ಠೇವಣಿ ಇಟ್ಟಿದ್ದರೆ ಕೇಳಿ ಪಡೆಯಿರಿ, ರಸೀದಿ ಇಲ್ಲದೆ ಬರಬೇಡಿ.